ಕತೆಯ ನಡುವೆ ಮಂಗಳ

"ಈ ಬಾಗಿಲು ಒಳಗಡೆಗೆ ಯಾಕೆ ತೆರೆಯುತ್ತೆ?"

ಕೇಳಿದವರು ನಂಜನಗೂಡಿನ ಅಗ್ನಿಶಾಮಕ ಠಾಣಾಧಿಕಾರಿ ಹೇಮಲತಾ. ಯಾರನ್ನು ಕೇಳಿದರೆಂದು ಹೇಳಲಾರೆ, ಅವರ ಕಣ್ಣು ಬಾಗಿಲ ಮೇಲಿತ್ತು. ಒಮ್ಮೆ ಎಳೆದರು, ಒಮ್ಮೆ ತಳ್ಳಿದರು, ಚಿಲಕ ಹಾಕಿ ತೆಗೆದರು. ಹೊಸ್ತಿಲ ಪಕ್ಕ ಕೂತು ಬತ್ತಿ ಹೊಸೆಯುತ್ತಿದ್ದ ನಾನು ಉತ್ತರ ಕೊಡಬೇಕೋ ಬೇಡವೋ ತಿಳಿಯದೆ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಹೊಸದಲ್ಲ.

ಉತ್ತರ ಕೊಟ್ಟವನು ನಮ್ಮಣ್ಣ ಪುಟ್ಟಬಸವಯ್ಯ. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ, "ಬಾಗ್ಲು ಅಂದ್ಮೇಲೆ ಒಳಕ್ಕೇ ತೆರೀಬೇಕಲ್ಲಮ್ಮಾ. ಬರೋ ಲಕ್ಷ್ಮಿ ಮೂತಿಗೆ ಬಡೀಬೇಕೇನು?" ಅಂದ.

"ಬರೋ ಲಕ್ಷ್ಮಿ ಒಬ್ಳು, ಯಜಮಾನ್ರೇ. ಹೊರಗೆ ಓಡೋ ಜನ ಎಷ್ಟು?"

ನಮ್ಮಣ್ಣ ತಾನೂ ಒಮ್ಮೆ ಬಾಗಿಲನ್ನು ಎಳೆದು ನೋಡಿದ.

ನಮ್ಮದು ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಸುತ್ತೂರಿನ ಆಚೆ ಸಿಗುವ ಸಣ್ಣ ಪೇಟೆ. ನಮ್ಮಣ್ಣನ ಅಂಗಡಿಯಲ್ಲಿ ಕರ್ಪೂರ, ಊದುಬತ್ತಿ, ದೀಪದ ಎಣ್ಣೆ, ಹೂಬತ್ತಿ, ಹೀಗೆ ದೇವರ ಮುಂದೆ ಉರಿಯುವುದೆಲ್ಲ ಮೂಟೆಗಟ್ಟಲೆ ಇರುತ್ತಿತ್ತು. ಸುತ್ತಲ ಹಳ್ಳಿಗಳ ಗುಡಿಗಳಿಗೆ ಅಲ್ಲಿಂದಲೇ ಹೋಗಬೇಕು. ಅಂಗಡಿಯ ಮೇಲಿನ ಮಹಡಿಯನ್ನು ಊರವರು ಪುರಾಣದ ಮನೆ ಅನ್ನುತ್ತಾರೆ. ನಮ್ಮಪ್ಪ ಕಟ್ಟಿಸಿದ್ದು. ಪ್ರತಿ ಸೋಮವಾರ ಸಂಜೆ ಜವರಯ್ಯನವರು ನರಸೀಪುರದಿಂದ ಬಸ್ಸಿನಲ್ಲಿ ಬಂದು ಶರಣರ ಕತೆಗಳನ್ನು ರಾಗದಲ್ಲಿ ಹೇಳುತ್ತಾರೆ, ಪದ್ಯ ಪದ್ಯ ಬಿಡಿಸಿ ಅರ್ಥ ಹೇಳುತ್ತಾರೆ. ಎಲ್ಲ ಬಾಯಲ್ಲೇ ಇದೆ, ಪುಸ್ತಕ ನೋಡುವುದಿಲ್ಲ. ನಾನು ಶಾಲೆಗೆ ಹೋದದ್ದು ಕಡಿಮೆ. ನನಗೆ ಗೊತ್ತಿರುವುದೆಲ್ಲ ಆ ಚಾಪೆಯ ಮೇಲೆ ಕಿವಿಯಿಂದ ಬಂದದ್ದು. ಗಂಡ ತೀರಿಕೊಂಡು ಅಣ್ಣನ ಮನೆಗೆ ಬಂದ ಮೇಲಂತೂ ಒಂದು ಸೋಮವಾರ ಕಳೆದರೆ ಮುಂದಿನ ಸೋಮವಾರಕ್ಕೆ ಕಾಯುವುದೇ ನನ್ನ ಬದುಕು. ಎಲ್ಲ ಕೇರಿಯವರೂ ಒಂದೇ ಚಾಪೆಯ ಮೇಲೆ ಕೂರುವ ಜಾಗ ನಮ್ಮೂರಲ್ಲಿ ಇನ್ನೊಂದಿರಲಿಲ್ಲ. ಅದು ಗೊತ್ತಿದ್ದೇ ಅಪ್ಪ ಅದನ್ನು ಕಟ್ಟಿಸಿದ್ದರು.

ಅಲ್ಲಿ ಬಾಗಿಲ ಕೆಲಸ ನನ್ನದು. ಕತೆ ಶುರುವಾಗುವ ಹೊತ್ತಿಗೆ ನಮ್ಮಣ್ಣ "ಗುರುಬಸಮ್ಮಾ, ಬಾಗ್ಲು" ಅನ್ನುತ್ತಿದ್ದ. ನಾನು ಎದ್ದು ಚಿಲಕ ಹಾಕುತ್ತಿದ್ದೆ. ರಸ್ತೆಯ ಗದ್ದಲ ಒಳಗೆ ಬರಬಾರದು, ಕತೆಯ ನಡುವೆ ಯಾರೂ ಎದ್ದು ಹೋಗಬಾರದು ಎಂಬುದು ಅಪ್ಪನ ಕಾಲದಿಂದ ನಡೆದು ಬಂದದ್ದು. ಕೊನೆಗೆ ಮಂಗಳ ಎತ್ತಿದ ಮೇಲೇ ಚಿಲಕ ತೆಗೆಯುವುದು.

ಬೆಂಕಿಯ ಭಯ ಹೆಚ್ಚಿರುವ ಕಟ್ಟಡಗಳನ್ನು ಅಗ್ನಿಶಾಮಕದವರು ಮೊದಲೇ ಗುರುತು ಹಾಕಿಕೊಂಡು, ಒಂದೊಂದನ್ನೂ ಸುತ್ತಿ ನೋಡಿ, ಅಲ್ಲಿ ಬೆಂಕಿ ಬಿದ್ದರೆ ಹೇಗೆ ಏನು ಎಂದು ತೀರ್ಮಾನಿಸಿಟ್ಟುಕೊಳ್ಳುತ್ತಾರಂತೆ. ಹಾಗೆ ನಮ್ಮ ಅಂಗಡಿಗೂ ಬಂದಿದ್ದರು. ಮೇಡಂ ಜೊತೆಗೆ ಹೆಡತಲೆಯ ಹುಡುಗ ರಘು, ಅವರ ಠಾಣೆಯ ಫೈರ್‌ಮನ್. ಅವನು ಬೂಟುಗಾಲಲ್ಲೇ ಮೆಟ್ಟಿಲು ಹತ್ತಲು ಹೋಗಿ ನಮ್ಮಣ್ಣನ ಕೈಲಿ ಸಿಕ್ಕಿಬಿದ್ದಿದ್ದ.

"ಏಯ್, ಏಯ್! ಪುರಾಣದ ಮನೆ ಕಣಪ್ಪ ಅದು. ಬೂಟ್ ಬಿಡು."

ರಘು ಮೇಡಂ ಮುಖ ನೋಡಿದ. ಮೇಡಂ ಮಾತಿಲ್ಲದೆ ಬಗ್ಗಿ ತಮ್ಮ ಬೂಟು ಬಿಚ್ಚಿದರು. ಅವನೂ ಬಿಚ್ಚಿದ. ಅವನ ಕಾಲುಚೀಲದ ತುದಿಯಿಂದ ಹೆಬ್ಬೆರಳು ಇಣುಕುತ್ತಿತ್ತು. ಪಕ್ಕದ ಮನೆ ರಾಮಮ್ಮ ಅದನ್ನು ನೋಡಿ, "ಬೆಂಕಿ ಇಲ್ಲೇ ಬಿದ್ದದೆ ನೋಡ್ರಪ್ಪ ಮೊದ್ಲು" ಎಂದು ನಕ್ಕಳು.

"ಇವತ್ತು ಬಿಡ್ತೀವಿ, ಯಜಮಾನ್ರೇ," ಅಂದರು ಮೇಡಂ. "ಬೆಂಕಿ ಬಿದ್ದ ದಿನ ಬಿಡಲ್ಲ."

"ಅವತ್ತು ನನ್ನ ತಲೆ ಮೇಲೇ ಬೂಟಿಟ್ಕಂಡು ಹೋಗಿ ತಾಯಿ."

ಮೇಡಂ ಸೋಮನಾಥಪುರದ ಕಡೆಯವರು. ಮಾತು ಸಣ್ಣದು, ನೋಟ ದೊಡ್ಡದು. ಮೂಟೆಗಳ ನಡುವೆ ನಡೆದರು, ಕರೆಂಟಿನ ಬೋರ್ಡು ಮುಟ್ಟಿ ನೋಡಿದರು. ಬೀದಿಯ ಬಾಯಲ್ಲಿರುವ ಕಮಾನಿಗೆ ರಘು ಬಿದಿರಿನ ಗಳ ಹಿಡಿದು ಅಳತೆ ತೆಗೆದ. ಅವರ ದೊಡ್ಡ ಗಾಡಿ ಅದರ ಕೆಳಗೆ ನುಗ್ಗುವುದಿಲ್ಲ ಎಂದು ಅವತ್ತೇ ಗೊತ್ತಾಯಿತು. ಹಿತ್ತಿಲ ಕಡೆ ಹೋಗಿ ನಾಲೆಯ ದಾರಿ ನೋಡಿದರು, ನಾಲೆಯಲ್ಲಿ ಯಾವ್ಯಾವ ತಿಂಗಳು ನೀರಿರುತ್ತದೆ ಎಂದು ಮೂಟೆ ಹೊರುವ ಮಾದಯ್ಯನನ್ನು ಕೇಳಿದರು. ಎಲ್ಲ ಒಂದು ಹಾಳೆಯ ಮೇಲೆ ಗೆರೆ ಹಾಕಿಕೊಂಡರು.

"ಬೆಂಕಿ ಬೀಳೋಕೆ ಮುಂಚೆ ಇಷ್ಟೆಲ್ಲ ಯಾಕಮ್ಮಾ? ಬಿಡ್ತು ಅನ್ನಿ," ಅಂದ ನಮ್ಮಣ್ಣ.

"ಬಿದ್ದ ಮೇಲೆ ನೋಡೋಕೆ ಹೊಗೇಲಿ ಕಣ್ಣು ಕಾಣಲ್ಲ, ಯಜಮಾನ್ರೇ. ಕಾಣೋವಾಗ ನೋಡಿಟ್ಕೋಬೇಕು. ಇನ್ನೊಂದು ವಿಷಯ ಕೇಳಿ. ನಂಜನಗೂಡಿಂದ ಬಂದ್ರೂ ನರಸೀಪುರದಿಂದ ಬಂದ್ರೂ ನಮಗೆ ಅರ್ಧ ಗಂಟೆ ಹಿಡಿಯುತ್ತೆ. ಅಷ್ಟು ಹೊತ್ತು ಈ ಮನೆ ನಿಮ್ಮ ಕೈಲೇ ಇರೋದು."

ಆಮೇಲೆ ಅವರು ಹೇಳಿದ್ದು ನನ್ನ ಎದೆಗೆ ಬಿತ್ತು. ಮುಂದಿನ ಸೋಮವಾರ ಬಂದು ಒಂದು ಸಲ ಎಲ್ಲರನ್ನೂ ಇಳಿಸಿ ನೋಡುತ್ತಾರಂತೆ. ಬೇಗ ಇಳಿದರೆ ಸರಿ. ಇಲ್ಲದಿದ್ದರೆ ಆ ಮಹಡಿಯಲ್ಲಿ ಜನ ಸೇರುವುದು ಬೇಡ ಎಂದು ಬರೆಯುವುದು ಬಿಟ್ಟು ಅವರಿಗೆ ಬೇರೆ ದಾರಿಯಿಲ್ಲ.

ಆ ವಾರವೆಲ್ಲ ನಾನು ಬೆಳಗಿನ ಲಿಂಗಪೂಜೆಯಲ್ಲಿ ಕೇಳಿಕೊಂಡದ್ದು ಒಂದೇ. ಸೋಮವಾರ ಉಳಿಸಪ್ಪಾ ಎಂದು.

* * *

ಅಂದು ಪುರಾಣದ ಮನೆ ತುಂಬಿತ್ತು. ಅಗ್ನಿಶಾಮಕದವರು ಏನೋ ಆಟ ಆಡಿಸುತ್ತಾರಂತೆ ಎಂದು ಕತೆ ಕೇಳದವರೂ ಬಂದಿದ್ದರು. ಜವರಯ್ಯನವರನ್ನು ಮಾದಯ್ಯ ಹೆಗಲು ಕೊಟ್ಟು ಹತ್ತಿಸಿದ; ಅವರ ಎಡಗಾಲು ಸೋತು ಕೆಲವು ವರ್ಷಗಳಾಗಿದ್ದವು. ಬಾಗಿಲಿಗೆ ದೂರದ ಗೋಡೆಯ ಹತ್ತಿರ, ಜಗಲಿಯ ಮೇಲೆ, ಅವರ ಕುರ್ಚಿ.

ಮೇಡಂ ಕೆಳಗೆ ಅಂಗಳದಲ್ಲಿ ನಿಂತರು. ಅಪಾಯವಾದರೆ ಹೊಡೆಯಲೆಂದು ಅವರು ಗೊತ್ತು ಮಾಡಿದ್ದು ಪುರಾಣದ ಮನೆಯ ಹಾಲಿನಲ್ಲಿ ತೂಗುವ ಹಿತ್ತಾಳೆ ಗಂಟೆ. ಎಲ್ಲರಿಗೂ ಕೇಳುತ್ತದೆ, ಕರೆಂಟು ಬೇಡ. ಕತೆ ಅರ್ಧವಾದಾಗ ರಘು ಗಂಟೆಯ ಹಗ್ಗ ಹಿಡಿದು ಜೋರಾಗಿ ಬಾರಿಸಿದ.

ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಎದ್ದು ಬಾಗಿಲ ಕಡೆಗೆ ಬೆನ್ನು ತಿರುಗಿಸಿ, ಜವರಯ್ಯನವರ ಹಿಂದಿನ ಶಿವನ ಪಟಕ್ಕೆ ಕೈ ಮುಗಿದು, ಕಣ್ಣು ಮುಚ್ಚಿಕೊಂಡರು. ರಾಮಮ್ಮ ಗಲ್ಲ ಬಡಿದುಕೊಂಡಳು. ಹಿಂದಿದ್ದವರು ದರ್ಶನಕ್ಕೆ ಮುಂದೆ ನುಗ್ಗಿದರು. ಮುದುಕಿ ಚಾಮುಂಡಮ್ಮ ರಘುವಿನ ತೋಳು ಹಿಡಿದು, "ಆರತಿ ತಟ್ಟೆ ಎಲ್ಲಪ್ಪ?" ಎಂದು ಕೇಳಿದಳು.

"ಆರತಿ ಅಲ್ಲ ಕಣಜ್ಜಿ, ಬೆಂಕಿ!"

"ಬೆಂಕಿ ಇಲ್ದೆ ಆರತಿ ಎಂಗ್ಲಾ ಎತ್ತೀಯ?"

ರಘು ಗಂಟೆ ಬಿಟ್ಟು "ಬೆಂಕಿ! ಎಲ್ರೂ ಇಳೀರಿ!" ಎಂದು ಕೂಗಿದ. ಆಗ ನಿಜವಾದ ಗಲಿಬಿಲಿ. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಿದ್ದರು. ಒಳಕ್ಕೆ ತೆರೆಯುವ ಬಾಗಿಲು, ಮೈಗಳ ಒತ್ತಡಕ್ಕೆ ತೆರೆಯದು. ಚಿಲಕದ ಮೇಲೆ ನನ್ನ ಕೈ ಸಿಕ್ಕಿಕೊಂಡಿತು. ಹೇಗೋ ತೆರೆದರೆ ಹೊರಗೆ, ಮೆಟ್ಟಿಲ ತಲೆಯಲ್ಲಿ, ಚಪ್ಪಲಿಯ ರಾಶಿ. ಮೊದಲು ಹೋದವಳು ರಾಮಮ್ಮ. ಅಲ್ಲೇ ಬಗ್ಗಿದಳು. ಅವಳ ಹಿಂದೆ ಇಡೀ ಪೇಟೆ ನಿಂತಿತು.

"ರಾಮಕ್ಕಾ, ನಡಿಯಮ್ಮಾ ಮುಂದಕ್ಕೆ!"

"ಇರ್ಲಾ, ಓದ್ವಾರ ತಗಂಡಿರೋ ಚಪ್ಲಿ ಇದು. ಒಂದ್ ಸಿಕ್ತು, ಇನ್ನೊಂದ್ ಎಲ್ಲೋಯ್ತು?"

ಕೆಳಗೆ ಮೇಡಂ ನಗಲಿಲ್ಲ. ಮೇಲೆ ಬಂದು ನಮ್ಮಣ್ಣನ ಪಕ್ಕ ಕೂತು, "ಯಜಮಾನ್ರೇ, ನನಗೆ ಬೇಜಾರಾಗುತ್ತೆ. ಇದು ಆಗಲ್ಲ. ಇಲ್ಲಿ ಜನ ಸೇರಿಸಬೇಡಿ ಅಂತಲೇ ಬರೀಬೇಕು," ಅಂದರು. ನಮ್ಮಣ್ಣ ಜೋರು ಮಾಡುತ್ತಾನೆ ಅಂದುಕೊಂಡೆ. ಅವನು ಅಪ್ಪನ ಪಟ ನೋಡಿಕೊಂಡು ಕೂತುಬಿಟ್ಟ.

ಜನ ಮತ್ತೆ ಬಂದು ಕೂತ ಮೇಲೆ ಜವರಯ್ಯನವರು ನಿಲ್ಲಿಸಿದ್ದ ಪದ್ಯವನ್ನು ಎತ್ತಿಕೊಂಡು ಅಂದಿನ ಕತೆ ಮುಗಿಸಿದರು. ಕೊನೆಗೆ ತಮ್ಮ ಗುರುಗಳಿಂದ ಬಂದ ಮಂಗಳ ಹಾಡಿದರು.

ಹೇಳಿದ ನಾಲಿಗೆಗೆ ಮಂಗಳ
ಕೇಳಿದ ಕಿವಿಗೆ ಮಂಗಳ
ಮನೆಗೆ ನಡೆವ ಕಾಲಿಗೆ ಮಂಗಳ

ಮೂರನೆಯ ಸಾಲಿಗೆ ಬಾಗಿಲ ಬಳಿಯ ಚಾಪೆಯವರು ಎದ್ದರು. ಅವೇ ಮೂರು ಸಾಲು ಮತ್ತೆ ಮತ್ತೆ ಹಾಡುತ್ತ ಅವರು ಹೊರಗೆ ನಡೆದಂತೆ ಅವರ ಹಿಂದಿನವರು, ಆಮೇಲೆ ಅವರ ಹಿಂದಿನವರು. ಹಾಡಿನ ಓಟಕ್ಕಿಂತ ಮುಂದೆ ಯಾರೂ ಹೆಜ್ಜೆ ಹಾಕುವುದಿಲ್ಲ, ಹಿಂದೆ ಉಳಿಯುವುದೂ ಇಲ್ಲ. ಮುದುಕಿಯರ ಕೈಗೆ ಪಕ್ಕದವರ ತೋಳು ತಾನಾಗಿ ಸಿಗುತ್ತದೆ. ಮಂಗಳ ಹಾಡುತ್ತ ಚಪ್ಪಲಿಗೆ ಬಗ್ಗಬಾರದೆಂದು ಎಲ್ಲರೂ ಬರಿಗಾಲಲ್ಲೇ ಅಂಗಳಕ್ಕೆ ಇಳಿದು, ಹಾಡು ಮುಗಿದ ಮೇಲೆ ವಾಪಸು ಬಂದು ಚಪ್ಪಲಿ ಹುಡುಕುವುದು ನಮ್ಮಲ್ಲಿ ರೂಢಿ. ಹಾಲು ಖಾಲಿಯಾಯಿತು. ಜವರಯ್ಯನವರು, ನಾನು, ಮೇಡಂ ಮೂವರೇ ಉಳಿದೆವು.

ಮೇಡಂ ಬಾಗಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಮುಖ ಅರಳಿತ್ತು.

"ರಘೂ, ನೋಡಿದ್ಯಾ? ಇದೇ. ನನಗೆ ಬೇಕಾಗಿದ್ದು ಇದೇ!" ಎಂದು ಕೂಗಿ, ಜವರಯ್ಯನವರ ಕಡೆ ತಿರುಗಿದರು. "ತಾತ, ಬೆಂಕಿ ಕಂಡ್ರೆ ಗಂಟೆ ಬೇಡ, ಕೂಗೋದೂ ಬೇಡ. ನೀವು ಕತೆ ನಿಲ್ಲಿಸಿ ಮಂಗಳ ಎತ್ತಿಬಿಡಿ. ಅಷ್ಟು ಸಾಕು."

ಜವರಯ್ಯನವರು ಕಿವಿಯ ಮೇಲೆ ಕೈ ಇಟ್ಟುಕೊಂಡರು.

"ಏನ್ ಮಾತು ತಾಯಿ! ಕತೆ ನಡುಮಧ್ಯೆ ಮಂಗಳವಾ? ನಮ್ ಗುರುಗಳು ಮಗ ತೀರೋದ ಅಂತ ಸುದ್ದಿ ಬಂದಾಗ್ಲೂ ಸಂಧಿ ಮುಗಿಸೇ ಎದ್ದೋರು. ಅರ್ಧಕ್ಕೆ ಮಂಗಳ ಆಡಿದ್ರೆ ಕೇಳ್ದೋರ್ಗೆ ಒಳ್ಳೇದಾಗಕಿಲ್ಲ."

ಮೇಡಂ ಒತ್ತಾಯ ಮಾಡಲಿಲ್ಲ. "ಸರಿ ತಾತ," ಅಂದರು. "ಇನ್ನೊಂದು ವಾರ ನಾನು ಬರೆಯಲ್ಲ. ನೀವು ಯೋಚನೆ ಮಾಡಿ."

* * *

ಮುಂದಿನ ಸೋಮವಾರ ಮೇಡಂ ಯೂನಿಫಾರಂ ಇಲ್ಲದೆ, ಹತ್ತಿ ಸೀರೆಯಲ್ಲಿ ಬಂದು ನನ್ನ ಪಕ್ಕ ಕೂತರು. ಕತೆಯ ಉದ್ದಕ್ಕೂ ಕೂತಿದ್ದರು. ಒಂದೆರಡು ಕಡೆ ಅವರ ತುಟಿ ಜವರಯ್ಯನವರ ಜೊತೆಗೇ ಅಲುಗಾಡಿದ್ದನ್ನು ನಾನು ನೋಡಿದೆ. "ನಮ್ಮಜ್ಜಿ ಜೊತೆ ಕೇಳಿದ್ದು," ಅಂದರು, ನಾನು ಕೇಳದೆಯೇ.

ಕತೆ ಮುಗಿದ ಮೇಲೆ ಜವರಯ್ಯನವರು ಅವರನ್ನು ಹತ್ತಿರ ಕರೆದರು.

"ಬಸ್ನಲ್ಲಿ ಬತ್ತಾ ಅದೇ ಯೋಚ್ನೆ ಮಾಡ್ದೆ ತಾಯಿ. ನಿಂತ ಕತೆಯ ಮುಂದಿನ್ವಾರ ಎತ್ಕಬೋದು. ಕೇಳೋ ಜನ್ವೇ ಇಲ್ದಿದ್ರೆ ಯಾರಿಗ್ ಏಳೋದು? ಆಡ್ತೀನಿ. ಆದ್ರೆ ಒಂದ್ ಕರಾರು."

"ಹೇಳಿ ತಾತ."

"ನಿಂತ ಪದ್ಯದಿಂದ್ಲೇ ಎತ್ಕಬೇಕು. ಅವತ್ ಇದ್ದೋರೆಲ್ಲ ಬಂದ್ ಕೂರ್ಬೇಕು. ನಿಲ್ಲಿಸ್ದೋರು ನೀವು, ಅದ್ಕೆ ನೀವೂ ಬರ್ಬೇಕು. ಕತೆ ಪೂರ್ತಿ ಆದ್ರೆ ದೋಷ ಇಲ್ಲ."

"ಬರ್ತೀನಿ ತಾತ," ಅಂದರು ಮೇಡಂ. ಹಾಗೆ ಸೋಮವಾರ ಉಳಿಯಿತು.

ಆಮೇಲಿನ ಕೆಲಸಗಳು ಬೇಗ ಬೇಗ ಆದವು. ಬಡಗಿ ಬಂದು ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದ. ಚಪ್ಪಲಿಗೆ ಕೆಳಗೆ ಅಂಗಳದ ಮೂಲೆಯಲ್ಲಿ ಜಾಗವಾಯಿತು. ಕರ್ಪೂರದ ಮೂಟೆಗಳೆಲ್ಲ ಹಿತ್ತಿಲಿನ ಬೇರೆ ಶೆಡ್ಡಿಗೆ ಹೋದವು. ಗೊಣಗಿಕೊಂಡೇ ಆದರೂ ನಮ್ಮಣ್ಣ ಎಲ್ಲ ಸಾಗಿಸಿದ. ನರಸೀಪುರ ಠಾಣೆಯವರೂ ಒಮ್ಮೆ ಬಂದು, ಬೂಟು ಬಿಟ್ಟು, ಬರಿಗಾಲಲ್ಲಿ ಎಲ್ಲ ಸುತ್ತಿ ನೋಡಿಕೊಂಡು ಹೋದರು. ಒಂದು ಠಾಣೆಯವರು ಬೇರೆ ಕಡೆ ಹೋಗಿದ್ದರೆ ಇನ್ನೊಂದು ಠಾಣೆಯವರು ಕುರುಡರ ಹಾಗೆ ಬರಬಾರದಲ್ಲ ಎಂದರು ಮೇಡಂ.

ಮನೆಯವರಿಗೂ ಒಂದೊಂದು ಕೆಲಸ ಹಂಚಿದರು. ನಮ್ಮಣ್ಣನ ಮಗ ನಂಜೇಶ್ ಫೋನ್ ಮಾಡಬೇಕು. ಮಾದಯ್ಯ ಮೇನ್ ಸ್ವಿಚ್ ಆರಿಸಬೇಕು. ಆಮೇಲೆ ಇಬ್ಬರೂ ಮೇಲೆ ಬಂದು ಜವರಯ್ಯನವರನ್ನು ಕುರ್ಚಿ ಸಮೇತ ಎತ್ತಿಕೊಂಡು ಇಳಿಸಬೇಕು.

"ನನಗೇನಮ್ಮಾ ಕೆಲ್ಸ?" ಅಂದ ನಮ್ಮಣ್ಣ.

"ನಿಮಗೆ ಎಲ್ಲರಿಗಿಂತ ಕಷ್ಟದ್ದು. ಅಂಗಡಿ ಒಳಗೆ ನುಗ್ಗಬಾರದು. ಆ ಹೊಂಗೆ ಮರದ ಹತ್ತಿರ ನಿಂತ್ಕೋಬೇಕು, ಅಷ್ಟೇ."

"ಇದೂ ಒಂದ್ ಕೆಲ್ಸವಾ?"

"ಅವತ್ತು ಗೊತ್ತಾಗುತ್ತೆ."

ಕೊನೆಗೆ ನನ್ನ ಹತ್ತಿರ ಬಂದರು. ರಾತ್ರಿ ಹಾಲಿಗೆ ಬೀಗ ಹಾಕುವುದಕ್ಕೆ ಚಿಲಕ ಬೇಕಾದ್ದರಿಂದ ಅದನ್ನು ಕಿತ್ತಿರಲಿಲ್ಲ. "ಅಮ್ಮ, ಜನ ಒಳಗಿದ್ದಾಗ ಈ ಬಾಗಿಲು ತೆರೆದೇ ಇರಬೇಕು. ಯಾರು ಹೇಳಿದ್ರೂ ಚಿಲಕ ಹಾಕಬೇಡಿ. ಹಾಕಲ್ಲ ಅಂತೀರಾ?"

ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಯಾರಿಗೂ, ಅದರಲ್ಲೂ ನಮ್ಮಣ್ಣನಿಗೆ, ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿರಲಿಲ್ಲ.

* * *

ಕಬ್ಬು ಕಡಿಯುವ ಕಾಲ. ಅಂದಿನ ಕತೆ ಒಬ್ಬ ಬಡ ಶರಣೆಯದು. ಬಿರುಬಿಸಿಲಿನಲ್ಲಿ ದೂರದಿಂದ ನೀರು ಹೊತ್ತು ತರುತ್ತಿದ್ದಾಳೆ. ಮರದಡಿ ಒಬ್ಬ ಜಂಗಮ ಬಾಯಾರಿ ಕೂತಿದ್ದಾನೆ. ಮನೆಯಲ್ಲಿ ಮಗುವಿಗೂ ಹನಿ ನೀರಿಲ್ಲ. ಆದರೂ ಅವಳು ಕೊಡ ಇಳಿಸಿದಳು. ಅವನು ಬೊಗಸೆ ಒಡ್ಡಿದ.

ಆ ಪದ್ಯದ ಮೇಲೆ ಜವರಯ್ಯನವರು ಉಸಿರು ತೆಗೆದುಕೊಂಡಾಗ ನನಗೆ ವಾಸನೆ ಬಡಿಯಿತು. ತೆರೆದ ಬಾಗಿಲಿನಿಂದ ಬಂತು. ಊದುಬತ್ತಿಯ ವಾಸನೆ ನಮ್ಮ ಮನೆಯಲ್ಲಿ ಯಾವಾಗಲೂ ಇರುವುದೇ, ಆದರೆ ಇದರ ಅಡಿಯಲ್ಲಿ ವೈರು ಸುಟ್ಟ ಕಮಟು ಇತ್ತು. ಎದ್ದು ಬಗ್ಗಿ ನೋಡಿದೆ. ಅಂಗಡಿಯ ಮುಂಭಾಗದಿಂದ ಹೊಗೆ ಬೀದಿಗೆ ಹೊರಳುತ್ತಿತ್ತು. ಮಾದಯ್ಯ ಬೋರ್ಡಿನ ಕಡೆ ಓಡುತ್ತಿದ್ದ, ನಂಜೇಶ್ ಕಿವಿಗೆ ಫೋನ್ ಹಿಡಿದಿದ್ದ.

ನಾನು ಜವರಯ್ಯನವರ ಕಡೆ ತಿರುಗಿ ಎರಡು ಕೈ ಎತ್ತಿ ಮುಗಿದೆ. ಅದು ನಮ್ಮಿಬ್ಬರ ನಡುವೆ ಮಾತಾಡಿಕೊಂಡಿದ್ದ ಸನ್ನೆ. ಒಂದು ಗಳಿಗೆ ಅವರು ನನ್ನನ್ನೇ ನೋಡಿದರು. ಬೊಗಸೆ ಒಡ್ಡಿದವನನ್ನು ಹಾಗೇ ಬಿಟ್ಟುಬಿಡುವುದು ಅವರಿಗೆ ಎಷ್ಟು ಕಷ್ಟವಾಯಿತೋ ಶಿವನಿಗೆ ಗೊತ್ತು.

"ಹೇಳಿದ ನಾಲಿಗೆಗೆ ಮಂಗಳ..."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಕತೆ ಮುಗಿದಿಲ್ಲವಲ್ಲ! ಆದರೆ ಮೂರನೆಯ ಸಾಲು ಬಂದಾಗ ಕಾಲುಗಳು ತಾವಾಗಿ ಎದ್ದವು. ಬಾಗಿಲ ಬಳಿಯವರು ಮೊದಲು. ಚಾಮುಂಡಮ್ಮನ ತೋಳಿಗೆ ರಾಮಮ್ಮನ ತೋಳು. ಬಾಯಿ ಹಾಡುತ್ತಿತ್ತು, ಕಾಲು ನಡೆಯುತ್ತಿತ್ತು. ಮೆಟ್ಟಿಲ ಪಕ್ಕದ ಕಿಟಕಿಯಿಂದ ಹೊಗೆ ಕಂಡಮೇಲೂ ಸಾಲು ಮುರಿಯಲಿಲ್ಲ. ಹಾಡಿನ ದನಿ ಮಾತ್ರ ನಡುಗಿತು.

ಅರ್ಧ ಹಾಲು ಖಾಲಿಯಾಗುವಷ್ಟರಲ್ಲಿ ಒಳಗೂ ಹೊಗೆ ಕಟ್ಟಿತು. ಜವರಯ್ಯನವರಿಗೆ ಕೆಮ್ಮು ಬಂತು. ಎರಡನೆಯ ಸಾಲು ಅರ್ಧಕ್ಕೆ ನಿಂತಿತು. ನಡುವಿನ ಚಾಪೆಯವರು ನಿಂತು ಹಿಂದೆ ತಿರುಗಿದರು. ಯಾರೋ ಅಯ್ಯೋ ಅಂದರು. ಇನ್ನೊಂದು ಗಳಿಗೆ ಹೋದರೆ ಎಲ್ಲರೂ ನುಗ್ಗುತ್ತಾರೆ ಎಂದು ನನಗೆ ಕಾಣಿಸಿತು. ಅಷ್ಟು ವರ್ಷ ಕೇಳುತ್ತಲೇ ಕೂತವಳು ನಾನು, ಮಂಗಳವನ್ನೂ ತುಟಿಯೊಳಗೇ ಹಾಡಿಕೊಂಡವಳು. ಆದರೆ ಸಾಲು ಬಾಯಿಗೆ ಬಂದೇ ಬಂತು.

"ಕೇಳಿದ ಕಿವಿಗೆ ಮಂಗಳ, ಮನೆಗೆ ನಡೆವ ಕಾಲಿಗೆ ಮಂಗಳ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಂಗಳದಲ್ಲಿ ಇಳಿದಿದ್ದವರು ಅದನ್ನು ಎತ್ತಿಕೊಂಡು ಕೆಳಗಿನಿಂದ ಹಾಡಿದರು. ಸಾಲು ಮತ್ತೆ ಹೆಜ್ಜೆ ಹಾಕಿತು. ಕೊನೆಯವರು ಇಳಿಯುವಾಗ ಮಾದಯ್ಯ, ನಂಜೇಶ್ ಮುಖಕ್ಕೆ ಒದ್ದೆ ಟವೆಲು ಕಟ್ಟಿಕೊಂಡು ಬಂದು ಕುರ್ಚಿ ಎತ್ತಿದರು. ನಾನು ಅವರ ಹಿಂದೆ ಬಂದೆ. ಹಾಲಿನಲ್ಲಿ ಯಾರೂ ಉಳಿಯಲಿಲ್ಲ.

ಹೊಂಗೆ ಮರದ ಬುಡದಲ್ಲಿ ನಮ್ಮಣ್ಣ ಮರವನ್ನು ಎರಡು ಕೈಯಿಂದ ತಬ್ಬಿಕೊಂಡು ನಿಂತಿದ್ದ. ಕಣ್ಣಲ್ಲಿ ನೀರು. "ನುಗ್ಗಲ್ಲ... ನಾನ್ ನುಗ್ಗಲ್ಲ ಕಣಮ್ಮಾ... ನುಗ್ಗಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ನಂಜನಗೂಡಿನ ಗಾಡಿ ಹೆಡತಲೆಯ ಕಡೆ ಹುಲ್ಲಿನ ಬಣವೆಗೆ ಬಿದ್ದ ಬೆಂಕಿ ಆರಿಸಲು ಹೋಗಿತ್ತು. ಮೊದಲು ಬಂದವರು ನರಸೀಪುರದವರು. ಕಮಾನಿನ ಕಡೆ ಬರಲೇ ಇಲ್ಲ, ನೇರ ನಾಲೆಯ ದಾರಿ ಹಿಡಿದು ಹಿತ್ತಿಲಿಗೆ ಬಂದರು. ಯಾರನ್ನೂ ದಾರಿ ಕೇಳಲಿಲ್ಲ. ಇಬ್ಬರು ಮೊದಲು ಕರ್ಪೂರದ ಶೆಡ್ಡಿಗೆ ನೀರು ಹಿಡಿದು ತಣ್ಣಗೆ ಇಟ್ಟರು, ಉಳಿದವರು ಅಂಗಡಿಯ ಬೆಂಕಿಗೆ ಬಿದ್ದರು, ಗಾಡಿಯ ನೀರು ಮುಗಿಯುವ ಮುಂಚೆಯೇ ನಾಲೆಗೆ ಪೈಪು ಇಳಿಸಿದ್ದರು. ಮೇಡಂ, ರಘು ಬಣವೆಯ ಬೂದಿ ಮೆತ್ತಿದ ಮುಖದಲ್ಲೇ ಆಮೇಲೆ ಬಂದರು. ಮೇಡಂ ಮೊದಲು ಕೇಳಿದ್ದು, "ಎಲ್ರೂ ಇಳಿದ್ರಾ?" ಎಂದು. ಇಳಿದರು ಅಂದೆ. ಅಷ್ಟು ಕೇಳಿ ಅವರು ಬೂಟುಗಾಲಲ್ಲೇ ಮೆಟ್ಟಿಲು ಹತ್ತಿದರು.

ನಮ್ಮಣ್ಣ ಅವರ ಬೂಟಿಗೆ ದೂರದಿಂದಲೇ ಕೈ ಮುಗಿದ.

* * *

ಅಂಗಡಿಯ ಮುಂಭಾಗ ಹೋಯಿತು. ಪುರಾಣದ ಮನೆಗೆ ಮಸಿ ಹಿಡಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಗೋಡೆ ಉಜ್ಜಿ ಸುಣ್ಣ ಬಳಿಯುವ ತನಕ ಕೆಲವು ಸೋಮವಾರ ಕತೆ ಇರಲಿಲ್ಲ. ಆ ದಿನಗಳಲ್ಲಿ ರಾಮಮ್ಮನದು ಬಾವಿಕಟ್ಟೆಯಲ್ಲಿ, ನಲ್ಲಿಯ ಹತ್ತಿರ, ಸಿಕ್ಕಲ್ಲೆಲ್ಲ ಅದೇ ಮಾತು.

"ಪಾಪ, ಆ ಜಂಗಮಯ್ಯ ಇನ್ನೂ ಬೊಗ್ಸೆ ಒಡ್ಕಂಡೇ ಕೂತವ್ನೆ ಕಣವ್ವಾ. ಗಂಟ್ಲು ಒಣಗೋಗಿರ್ತದೆ."

ನನ್ನ ಪೂಜೆ ಈಗ ಸ್ವಲ್ಪ ಉದ್ದವಾಗಿದೆ. ಅಪ್ಪ ಅಮ್ಮ, ಗುರುಗಳು ಎಲ್ಲರ ಹೆಸರು ಹೇಳಿಕೊಂಡ ಮೇಲೆ ಹೇಮಲತಾ ಅನ್ನುತ್ತೇನೆ, ರಘು ಅನ್ನುತ್ತೇನೆ. ನರಸೀಪುರದವರ ಹೆಸರು ನನಗೆ ಗೊತ್ತಿಲ್ಲ. ಬರಿಗಾಲಲ್ಲಿ ಬಂದು ನೋಡಿಕೊಂಡು ಹೋದವರು ಅನ್ನುತ್ತೇನೆ, ದೇವರಿಗೆ ತಿಳಿಯುತ್ತದೆ. ಇನ್ನೂ ಬೀಳದ ಬೆಂಕಿಗಾಗಿ ಒಂದು ಮಧ್ಯಾಹ್ನವೆಲ್ಲ ಬಿದಿರಿನ ಗಳ ಹಿಡಿದು ಅಳೆದವರನ್ನು ಅಂದು ನಾವು ನೋಡಿ ನಕ್ಕಿದ್ದೆವು. ಬೀದಿಯಲ್ಲಿ ಚಾಮುಂಡಮ್ಮ ಕೋಲೂರಿಕೊ‌ಂಡು ಹೋಗುವುದನ್ನು ಕಂಡಾಗಲೆಲ್ಲ ನನಗೆ ಆ ಬಿದಿರಿನ ಗಳ ನೆನಪಾಗುತ್ತದೆ.

ಕತೆ ಮತ್ತೆ ಎತ್ತಿಕೊಳ್ಳುವ ಸೋಮವಾರ ಬಂತು. ಅವತ್ತು ಇದ್ದವರಲ್ಲಿ ಒಬ್ಬರೂ ತಪ್ಪಿಸಲಿಲ್ಲ. ಮೇಡಂ ಕೊಟ್ಟ ಮಾತಿನಂತೆ ಬಂದರು, ರಘುವೂ ಬಂದ. ಇಬ್ಬರೂ ಕೆಳಗೇ ಬೂಟು ಬಿಟ್ಟು ಬಂದಿದ್ದರು.

"ಹೊಸ ಕಾಲ್ಚೀಲ ಹಾಕ್ಕಂಡ್ ಬಂದೀನಿ, ನೋಡಿ ರಾಮಕ್ಕ," ಅಂದ ರಘು.

"ಬೆಂಕಿ ಆರ್ತು ಬುಡು," ಅಂದಳು ರಾಮಮ್ಮ.

ನಮ್ಮಣ್ಣ ಮೇಡಂಗೆ ಶಾಲು ಹೊದಿಸಲು ಹೋದ. ಅವರು ಕತೆ ಕೇಳೋಕೆ ಬಂದಿದ್ದೀನಿ, ಕೂತ್ಕೊಳ್ಳಿ ಅಂದರು. ಶಾಲನ್ನು ಮಡಿಲಲ್ಲಿಟ್ಟುಕೊಂಡು ಅವನು ಅವರ ಪಕ್ಕದ ಚಾಪೆಯಲ್ಲೇ ಕೂತ. ಏನು ಕೊಟ್ಟರೆ ತೀರೀತು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

ಜವರಯ್ಯನವರು ಕಣ್ಣು ಮುಚ್ಚಿ, ನಿಂತ ಪದ್ಯದಿಂದಲೇ ಎತ್ತಿಕೊಂಡರು. ಜಂಗಮ ಬೊಗಸೆ ಒಡ್ಡಿ ಕೂತಿದ್ದಾನೆ. ಶರಣೆ ಕೊಡದ ಕಂಠ ಹಿಡಿದು ಬಗ್ಗಿದಳು. ಆಗಲೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದರ ಹಿಂದೆ ಒಂದು, ತಲೆಯ ಮೇಲೆ ಸ್ಪೀಕರು ಕಟ್ಟಿಕೊಂಡು ಬಂದವು. ಜವರಯ್ಯನವರ ದನಿ ಆ ಗದ್ದಲದಲ್ಲಿ ಮುಳುಗಿತು. ಮೇಡಂ ಕಿವಿಗೆ ಕೈ ಅಡ್ಡ ಇಟ್ಟುಕೊಂಡು ಮುಂದೆ ಬಾಗಿದರು.

ನಮ್ಮಣ್ಣನಿಗೆ ತಡೆಯಲಾಗಲಿಲ್ಲ.

"ಗುರುಬಸಮ್ಮಾ, ಬಾಗ್ಲು," ಅಂದ. ಆಮೇಲೆ ಬೇಡಿಕೊಳ್ಳುವವನ ಹಾಗೆ, "ಮೇಡಂ ಅಷ್ಟ್ ದೂರದಿಂದ ಬಂದವ್ರೆ, ಆ ನೀರ್ ಕೊಡೋ ಪದ್ಯ ಒಂದ್ ಅವರ ಕಿವಿಗೆ ಬೀಳ್ಲಿ ಕಣವ್ವಾ. ಒಂದೇ ಗಳಿಗೆ. ಚಿಲಕ ಹಾಕು."

ನಾನು ಎದ್ದು ಬಾಗಿಲ ಹತ್ತಿರ ಹೋದೆ. ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಇಲ್ಲ ಅಣ್ಣಯ್ಯ," ಅಂದೆ. "ಹಾಕಲ್ಲ."